ಅಜ್ಜನ ಟ್ರಂಕಲ್ಲಿದ್ದ ‘ಕಣ್ಣಿನ ಮೆಡಲ್’

ನಮ್ಮಜ್ಜನಿಗೆ ಬ್ರಿಟಿಷರು ಕಣ್ಣಿನ ಮೆಡಲ್ ಕೊಟ್ಟಿದ್ರು. ಇದನ್ನ ನಾನು ನಾಲ್ಕನೇ ಕ್ಲಾಸಿಂದ ಕಂಡಕಂಡೋರಿಗೆಲ್ಲ ಹೇಳ್ಕೊಂಡು ಬಂದಿದೀನಿ, ಕಾಲೇಜಲ್ಲಿ ಹೇಳಿದೀನಿ, ಆಫೀಸಲ್ಲಿ ಹೇಳಿದೀನಿ, ಮದುವೆ ಆದ ಹೊಸತ್ರಲ್ಲಿ ಮಾವನ ಮನೇಲಿ ಊಟಕ್ಕೆ ಕೂತಾಗ್ಲೂ ಬಿಟ್ಟಿಲ್ಲ. ಕತೆ ಏನಂದ್ರೆ ಎರಡನೇ ಮಹಾಯುದ್ಧದಲ್ಲಿ ಅಜ್ಜ ನೇವಿಯಲ್ಲಿದ್ದ, ಹಡಗಿನ ಕಂಬದ ಮೇಲೆ ಕೂತು ಕಾವಲು ಕಾಯ್ತಿದ್ದ, ಒಂದಿನ ಬೆಳಗಿನ ಜಾವ ಎಲ್ಲರಿಗಿಂತ ಮೊದ್ಲು ಜರ್ಮನ್ ವಿಮಾನ ನೋಡಿ ಕೂಗಿದ, ಹಡಗು ಉಳೀತು, ಕ್ಯಾಪ್ಟನ್ನು ‘ಕಣ್ಣಂದ್ರೆ ನಿಂದು’ ಅಂತ ಬೆನ್ನು ತಟ್ಟಿ ಒಂದು ಮೆಡಲ್ ಕೊಡಿಸಿದ, ಅದ್ರ ಮೇಲೆ ಎರಡು ಕಣ್ಣು ಕೆತ್ತಿದೆ. ಹೇಳಿದ್ದು ದೊಡ್ಡಪ್ಪ. ದೊಡ್ಡಪ್ಪ ಹೇಳಿದ್ಮೇಲೆ ಮುಗೀತು.

ಮೆಡಲ್ ಇರೋದಂತೂ ನಿಜ. ಕುಮಟಾ ಹತ್ರ ನಮ್ಮ ಹಳೇ ಮನೇಲಿ ಒಂದು ಕರೀ ತಗಡಿನ ಟ್ರಂಕು, ಅದ್ರೊಳಗೆ ಕೆಂಪು ಬಟ್ಟೆ ಗಂಟು, ಗಂಟಲ್ಲಿ ಅಜ್ಜನ ಸರ್ವಿಸ್ ಪುಸ್ತಕ, ಮೂರು ಸ್ಟಾರು, ಒಂದು ದೊಡ್ಡ ರೌಂಡ್ ಮೆಡಲ್ಲು, ಇವುಗಳ ಜೊತೆ ಕರೀ ದಾರಕ್ಕೆ ಕಟ್ಟಿದ ಈ ಸಣ್ಣದು. ವರ್ಷಕ್ಕೊಂದ್ಸಲ ಆಯುಧ ಪೂಜೆ ದಿನ ಗಂಟು ಬಿಚ್ಚೋದು, ಅಜ್ಜಿ ಎಲ್ಲಾನೂ ಹುಣಸೆಹಣ್ಣು ಹಚ್ಚಿ ತಿಕ್ಕೋದು, ಬಲೆ, ದೋಣಿ ಹುಟ್ಟು, ಮೀನು ಕತ್ತಿ ಎಲ್ಲದರ ಜೊತೆ ಇಟ್ಟು ಕುಂಕುಮ ಹಚ್ಚೋದು. ನಾವು ಹರಿಕಂತ್ರರು, ದೋಣಿಗೆ ಪೂಜೆ ಮಾಡಿದ್ಮೇಲೆ ಹಡಗಿನ ಮೆಡಲ್ಲಿಗೆ ಮಾಡದೇ ಇರ್ತೀವಾ. ಅಜ್ಜಿ ಹೋದ್ಮೇಲೆ ಅಮ್ಮ ಪೀತಾಂಬರಿ ಪುಡಿ ಶುರು ಮಾಡಿದ್ಲು. ಇದನ್ನ ಯಾಕ್ ಹೇಳ್ತಿದೀನಿ ಅಂದ್ರೆ ನನಗೆ ಆಮೇಲೆ ಬಂದ ಕಷ್ಟಕ್ಕೆಲ್ಲ ಈ ಹುಣಸೆಹಣ್ಣೇ ಕಾರಣ, ಎಪ್ಪತ್ತು ವರ್ಷ ತಿಕ್ಕಿ ತಿಕ್ಕಿ ಅಕ್ಷರ ಅನ್ನೋದೆಲ್ಲ ಸವೆದು ಹೋಗಿತ್ತು.

ಕಳೆದ ಮಳೆಗಾಲದಲ್ಲಿ ಹಂಚು ಒಡೆದು ಟ್ರಂಕಿನ ಮೇಲೆ ನೀರು ಸೋರಿ, ಪುಸ್ತಕ ಒದ್ದೆ ಆಯ್ತು ಅಂತ ಅಮ್ಮ ಫೋನ್ ಮಾಡಿದ್ಲು. ಊರಿಗೆ ಹೋಗಿ ಗಂಟು ಬಿಚ್ಚಿ ಎಲ್ಲಾ ಫ್ಯಾನ್ ಕೆಳಗೆ ಹರವಿದೆ. ಆಗ ನನಗೊಂದು ಐಡಿಯಾ ಬಂತು, ಎಲ್ಲಾ ಮೆಡಲ್ಲಿಗೂ ಚಂದ ಫ್ರೇಮ್ ಹಾಕಿಸಿ ಒಂದೊಂದರ ಕೆಳಗೆ ಹೆಸರು ಬರೆಸೋಣ, ದೊಡ್ಡಪ್ಪನಿಗೆ ಎಪ್ಪತ್ತೆಂಟಾಯ್ತು, ಹುಟ್ಟಿದ ದಿನಕ್ಕೆ ಕೊಡೋಣ ಅಂತ. ಹೆಸರು ಬರೆಸಬೇಕು ಅಂದ್ರೆ ಹೆಸರು ಗೊತ್ತಿರಬೇಕಲ್ಲ. ಅಲ್ಲಿಂದ ಶುರು.

ಸ್ಟಾರ್‌ಗಳದ್ದು ಸುಲಭ. ಆರು ಮೂಲೆ, ನಡುವೆ ಆರನೇ ಜಾರ್ಜ್ ರಾಜನ ಗುರುತು, ಸುತ್ತ ಹೆಸರು ಅಚ್ಚಾಗಿದೆ. ಒಂದು 1939–1945 ಸ್ಟಾರ್, ಒಂದು ಬರ್ಮಾ ಸ್ಟಾರ್, ಇನ್ನೊಂದು ಇಟಲಿ ಸ್ಟಾರ್. ದೊಡ್ಡ ರೌಂಡಿಂದು ವಾರ್ ಮೆಡಲ್, ಹಿಂದುಗಡೆ ಸಿಂಹ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತಿರತ್ತೆ, ನಾವು ಸಣ್ಣವರಿದ್ದಾಗ ಅದನ್ನ ಹುಲಿ ಮತ್ತು ಮೊಸಳೆ ಅಂತಿದ್ವಿ. ಇವೆಲ್ಲ ಯುದ್ಧದಲ್ಲಿ ಇಂತಿಷ್ಟು ದಿನ ಇಂಥ ಕಡೆ ಇದ್ದ ಅನ್ನೋದಕ್ಕೆ ಕೊಡೋ ಮೆಡಲ್‌ಗಳು, ಲಕ್ಷಗಟ್ಟಲೆ ಜನಕ್ಕೆ ಕೊಟ್ಟಿದಾರೆ. ಶೌರ್ಯಕ್ಕೆ ಕೊಡೋದು ಬೇರೆ, ಅಂಥದ್ದು ಸಿಕ್ಕಿದ್ರೆ ಲಂಡನ್ ಗೆಜೆಟ್ಟಲ್ಲಿ ಹೆಸರು ಬರತ್ತೆ. ಗೆಜೆಟ್ ಈಗ ಆನ್‌ಲೈನ್ ಇದೆ, ಫ್ರೀಯಾಗಿ ಹುಡುಕಬಹುದು. ಅಜ್ಜನ ಹೆಸರನ್ನ ಇಂಗ್ಲಿಷಲ್ಲಿ ಎಷ್ಟು ಥರ ಕೆಡಿಸಿ ಬರೀಬಹುದೋ ಅಷ್ಟೂ ಥರ ಹಾಕಿ ಎರಡು ರಾತ್ರಿ ಹುಡುಕಿದೆ. ಇಲ್ಲ. ಆಗ್ಲೇ ಹೊಟ್ಟೇಲಿ ಸ್ವಲ್ಪ ಕಲಸಿದ ಹಾಗಾಯ್ತು.

ಆ ಸಣ್ಣದನ್ನ ಕೈಯಲ್ಲಿಟ್ಕೊಂಡು ನಿಜವಾಗಿ ನೋಡಿದ್ದು ಆಗ್ಲೇ ಇರಬೇಕು. ಮೊಟ್ಟೆ ಆಕಾರ, ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಮೇಲೆ ಒಂದು ಕಿವಿ, ಅಂಚಲ್ಲಿ ಸುತ್ತ ಸಾಸಿವೆ ಕಾಳಿನ ಹಾಗೆ ಚುಕ್ಕಿ ಚುಕ್ಕಿ. ಚುಕ್ಕಿಗಳ ಸಂದೀಲಿ ಕುಂಕುಮ ಗಟ್ಟಿಯಾಗಿ ಮೆತ್ಕೊಂಡಿದೆ. ನಡುವೆ ಒಬ್ಬ ಹೆಂಗಸು ನಿಂತಿದಾಳೆ, ಮುಖ ಸವೆದು ನುಣ್ಣಗಾಗಿದೆ, ಒಂದು ಕೈಯಲ್ಲಿ ತಟ್ಟೆ, ತಟ್ಟೇಲಿ ಎರಡು ಉಂಡೆ, ಇನ್ನೊಂದು ಕೈಯಲ್ಲಿ ಉದ್ದಕ್ಕೆ ಏನೋ. ಅದನ್ನ ದೊಡ್ಡಪ್ಪ ಕತ್ತಿ ಅಂತಿದ್ರು. ಬ್ರಿಟನ್ ರಾಣಿ ಕತ್ತಿ ಹಿಡ್ಕೊಂಡು ಅಜ್ಜನ ಕಣ್ಣನ್ನ ತಟ್ಟೇಲಿಟ್ಟು ಸನ್ಮಾನ ಮಾಡ್ತಿದಾಳೆ ಅಂತ ನಾನೂ ನಂಬಿದ್ದೆ ನೋಡಿ. ಆಗ ಬ್ರಿಟನ್ನಲ್ಲಿ ಆಳ್ತಿದ್ದದ್ದು ರಾಜ ಅಂತ ಹೊಳೆಯೋಕೆ ನಲವತ್ತು ವರ್ಷ ಬೇಕಾಯ್ತು.

ಪೇಟೇಲಿ ನಮಗೆ ಗೊತ್ತಿರೋ ಶೇಟ್ ಮಾಮನ ಅಂಗಡಿಗೆ ತಗೊಂಡ್ಹೋದೆ. ಬಂಗಾರದ ತಕ್ಕಡೀಲಿ ಇಟ್ಟ, ಒಂದು ಗ್ರಾಂ ನೂರು ಮಿಲಿ. ಉಗುರಲ್ಲಿ ಕೆರೆದ, ಕೌಂಟರ್ ಗಾಜಿನ ಮೇಲೆ ಬೀಳಿಸಿ ಸದ್ದು ಕೇಳಿದ.

“ತಮಾ, ಇದು ಅಲ್ಯುಮಿನಿಯಂ.”

“ಬೆಳ್ಳಿ ಅಲ್ವಾ ಮಾಮ?”

“ಬೆಳ್ಳಿ ಅಲ್ಲ, ಹಿತ್ತಾಳೆ ಅಲ್ಲ, ಏನೂ ಅಲ್ಲ. ಅನ್ನದ ಪಾತ್ರೆ ಯಾವುದೋ ಅದೇ. ಸರ್ಕಾರ ಮೆಡಲ್ ಕೊಡೋದಾದ್ರೆ ಇಷ್ಟು ಬಡತನದ್ದು ಕೊಡತ್ತಾ?”

ಪಕ್ಕದಲ್ಲಿ ಬಳೆ ನೋಡ್ತಿದ್ದ ಇಬ್ಬರು ಹೆಂಗಸರ ಎದುರಿಗೇ ಹೇಳಿಬಿಟ್ಟ. ಆದ್ರೆ ಹೇಳಿದ್ದು ಸರಿ ಇತ್ತು, ವಾರ್ ಮೆಡಲ್ ಪಕ್ಕ ಇಟ್ರೆ ಇದು ಹಪ್ಪಳದ ತುಂಡಿನಷ್ಟು ಹಗುರ. ಆಮೇಲೆ ತಿಳ್ಕೊಂಡೆ, ಇಟಲಿ, ಫ್ರಾನ್ಸ್ ಕಡೆ ಚರ್ಚುಗಳ ಹತ್ರ ಮಾರೋ ಸಾಧಾರಣ ಪದಕಗಳನ್ನ ಆ ಕಾಲದಲ್ಲಿ ಅಲ್ಯುಮಿನಿಯಮ್ಮಲ್ಲೇ ರಾಶಿ ರಾಶಿ ಅಚ್ಚು ಹಾಕ್ತಿದ್ರು, ಅಗ್ಗ, ಹಗುರ, ಬಡವರೂ ಕೊಳ್ಳಬಹುದು. ಅವತ್ತು ನನಗೆ ಅದೇನೂ ಗೊತ್ತಿರಲಿಲ್ಲ, ಬೇಜಾರಲ್ಲಿ ಮನೆಗೆ ಬಂದೆ.

ಮನೇಲಿ ಮೊದ್ಲು ಕುಂಕುಮ ತೆಗೆದೆ. ನೀರು ಹಾಕ್ಲಿಲ್ಲ, ತಿಕ್ಕಲಿಲ್ಲ, ಒಂದು ಹನಿ ತೆಂಗಿನೆಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಬೆಂಕಿಕಡ್ಡಿಯ ಮರದ ತುದೀಲಿ ಮೆಲ್ಲಗೆ ಎಬ್ಬಿಸಿದೆ, ಪದರ ಪದರವಾಗಿ ಬಂತು, ಕೆಳಗಿನದು ಕಪ್ಪು ಕುಂಕುಮ, ಅದು ಅಜ್ಜಿ ಹಚ್ಚಿದ್ದೇ ಇರಬೇಕು. ಅಕ್ಷರಗಳು ಅಂಚಿನ ಚುಕ್ಕಿಗಳ ಒಳಗಡೆ ಸುತ್ತ ಇದ್ದವು, ನೇರಕ್ಕೆ ನೋಡಿದ್ರೆ ಒಂದೂ ಕಾಣ್ತಿರಲಿಲ್ಲ. ರಾತ್ರಿ ಲೈಟೆಲ್ಲ ಆರಿಸಿ ಮೊಬೈಲ್ ಟಾರ್ಚನ್ನ ಟೇಬಲ್ ಮೇಲೇ ಮಲಗಿಸಿ ಪಕ್ಕದಿಂದ ಬೆಳಕು ಬೀಳೋ ಹಾಗೆ ಇಟ್ಟು, ಇನ್ನೊಂದು ಮೊಬೈಲಲ್ಲಿ ಫೋಟೋ ತೆಗೆದೆ. ಸಂಜೆ ಬಿಸಿಲಲ್ಲಿ ಮರಳಿನ ಮೇಲೆ ಹಕ್ಕಿ ಹೆಜ್ಜೆ ಹ್ಯಾಗೆ ಎದ್ದು ಕಾಣತ್ತೋ ಹಾಗೆ ಒಂದೊಂದೇ ಅಕ್ಷರ ನೆರಳು ಬಿಡೋಕೆ ಶುರು ಮಾಡಿದ್ವು. ಟಾರ್ಚನ್ನ ಸುತ್ತ ತಿರುಗಿಸ್ತಾ ಹದಿನೈದಿಪ್ಪತ್ತು ಫೋಟೋ ತೆಗೆದೆ, ಒಂದು ಫೋಟೋದಲ್ಲಿ ಕಂಡಿದ್ದು ಇನ್ನೊಂದರಲ್ಲಿ ಮಾಯ.

ಎಡಗಡೆ ಸಿಕ್ಕಿದ್ದು: ಎಸ್, ಚುಕ್ಕಿ, ಎಲ್, ವಿ. ಮುಂದೆ ಒಡೆದ ಬಳೆಯಂಥದ್ದೊಂದು, ಆಮೇಲೆ ಖಾಲಿ.

ಎಸ್ ಎಲ್ ವಿ! ಬೆಂಗಳೂರಲ್ಲಿರೋನಿಗೆ ಎಸ್‌ಎಲ್‌ವಿ ಅಂದ್ರೆ ಏನು ನೆನಪಾಗಬೇಕು ಹೇಳಿ, ಇಡ್ಲಿ ವಡೆ, ಒಂದು ಬೈಟು ಕಾಫಿ. ಮೆಡಲ್ ಅಂತ ಸೇರಿಸಿ ಗೂಗಲ್ ಮಾಡಿದ್ರೆ ಇಸ್ರೋ ರಾಕೆಟ್ಟು ಬರತ್ತೆ. ಎರಡು ದಿನ ನಾನು ಇದು ಯಾವುದೋ ಹಡಗಿನ ಅಥವಾ ತುಕಡಿಯ ಶಾರ್ಟ್‌ಫಾರ್ಮ್ ಅಂತ ತಲೆ ಕೆಡಿಸ್ಕೊಂಡೆ.

ಆಮೇಲೆ ಅಕ್ಷರ ಬಿಟ್ಟು ಚಿತ್ರ ಹಿಡಿದೆ. ಫೋಟೋ ಹಾಕಿ ಹುಡುಕಿದಾಗ ಮೊದ್ಲು ಬಂದಿದ್ದು ಸಂತ ಅಗಾಥಾ. ಇಟಲಿಯ ಸಿಸಿಲಿ ದ್ವೀಪದ ಕತಾನಿಯಾ ಊರಿನ ದೇವತೆ ಅನ್ನಿ, ಕ್ರೈಸ್ತರ ಹುತಾತ್ಮೆ, ಅವಳ ಕೈಯಲ್ಲೂ ತಟ್ಟೆ, ತಟ್ಟೇಲಿ ಎರಡು ಉಂಡೆ. ಸರಿ ಸಿಕ್ತು ಅಂತ ಕುಣಿದಾಡಿ ಓದಿದ್ರೆ ಅವು ಕಣ್ಣಲ್ಲ, ಮೊಲೆ. ಅವಳಿಗೆ ಕೊಟ್ಟ ಚಿತ್ರಹಿಂಸೆಯ ಗುರುತು ಅದು, ಓದಿ ಊಟ ಸೇರ್ಲಿಲ್ಲ. ದೊಡ್ಡಪ್ಪನಿಗೆ ಇದನ್ನ ಹ್ಯಾಗಪ್ಪಾ ಹೇಳೋದು ಅಂತ ಬೇರೆ ಚಿಂತೆ ಹತ್ತಿತು, ಐವತ್ತು ವರ್ಷ ಕಣ್ಣು ಕಣ್ಣು ಅಂತ ಊರಿಗೆಲ್ಲ ಸಾರಿದಾರೆ.

ಆದ್ರೂ ಇಷ್ಟು ಗೊತ್ತಾಯ್ತಲ್ಲ, ಇದು ಯುದ್ಧದ ಮೆಡಲ್ ಅಲ್ಲ, ಕ್ರಿಶ್ಚಿಯನ್ನರು ಕೊರಳಿಗೆ ಹಾಕೋ ಪದಕ. ನನಗೆ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸಿದ ಟೀಚರ್ ಹೊನ್ನಾವರದಲ್ಲಿದಾರೆ, ರಿಟೈರ್ ಆಗಿ ಭಾಳ ವರ್ಷ ಆಯ್ತು, ಚರ್ಚಿಗೆ ತಪ್ಪದೆ ಹೋಗೋರು. ಅವರಿಗೆ ಎಲ್ಲಾ ಫೋಟೋ ವಾಟ್ಸಾಪ್ ಮಾಡಿದೆ, ಟೀಚರ್ ಇದು ಸಂತ ಅಗಾಥಾ ಅಲ್ವಾ ಅಂತ ಜಾಣತನ ಬೇರೆ ತೋರಿಸಿದೆ. ಅರ್ಧ ಗಂಟೆಗೆ ವಾಯ್ಸ್ ಮೆಸೇಜು, ಕ್ಲಾಸಲ್ಲಿ ಬೈತಿದ್ದ ಅದೇ ದನಿ: “ಮೊದ್ಲು ತಟ್ಟೇಲಿ ಏನಿದೆ ಸರಿಯಾಗಿ ನೋಡೋ ಮಾರಾಯಾ. ಆಮೇಲೆ ಅಕ್ಷರ ಓದು. ವಿ ಅಂತ ಇರೋದನ್ನ ಯು ಅಂತ ಓದು, ಲ್ಯಾಟಿನ್ನಲ್ಲಿ ಹಾಗೇ ಬರೆಯೋದು. ಎರಡನೇ ಬದಿ ಯಾಕೆ ಕಳಿಸ್ಲಿಲ್ಲ?”

ಎರಡನೇ ಬದಿ ನಾನು ನೋಡೇ ಇರಲಿಲ್ಲ. ಅದು ನುಣ್ಣಗೆ ಏನೂ ಇಲ್ಲ ಅಂದ್ಕೊಂಡಿದ್ದೆ.

ಮತ್ತೆ ರಾತ್ರಿ, ಮತ್ತೆ ಟಾರ್ಚು. ಈ ಸಲ ಸ್ವಲ್ಪ ಪಾಂಡ್ಸ್ ಪೌಡರ್ ಉದುರಿಸಿ ಬಟ್ಟೇಲಿ ಒರೆಸಿದೆ, ಗುಂಡಿಯಲ್ಲೆಲ್ಲ ಬಿಳಿ ಉಳೀತು. ಹಿಂದುಗಡೆ ಅರ್ಧ ಆಕೃತಿ ಒಂದು, ಎದೆ ಮೇಲೆ ಹೃದಯ, ಹೃದಯದಿಂದ ಬೆಂಕಿಯ ನಾಲಿಗೆ. ನಮ್ಮ ಕಡೆ ಕ್ರಿಶ್ಚಿಯನ್ನರ ಮನೆ ಹಾಲಲ್ಲಿ ದೊಡ್ಡ ಫೋಟೋ ಇರತ್ತಲ್ಲ, ಕೆಂಪು ಬಲ್ಬು ಹಚ್ಚಿಟ್ಟಿರ್ತಾರೆ, ಯೇಸುವಿನ ಪವಿತ್ರ ಹೃದಯ, ಅದೇ. ಮುಂದಿನ ಬದಿ ತಟ್ಟೇನ ಮ್ಯಾಕ್ರೋದಲ್ಲಿ ಹಿಡಿದು ದೊಡ್ಡ ಮಾಡಿದೆ. ಉಂಡೆ ಎರಡೂ ಪೂರ್ತಿ ಉಂಡೆ ಅಲ್ಲ, ಎರಡೂ ತುದಿ ಚೂಪು, ಬಾದಾಮಿ ಹಾಗೆ, ಒಂದರ ನಡುವೆ ಗುಂಡುಸೂಜಿ ಚುಚ್ಚಿದಷ್ಟು ಕುಳಿ. ಇನ್ನೊಂದರ ಕುಳಿ ಹುಣಸೆಹಣ್ಣಿಗೆ ಹೋಗಿತ್ತು. ಕಣ್ಣೇ! ದೊಡ್ಡಪ್ಪ ಅಷ್ಟರಮಟ್ಟಿಗೆ ಗೆದ್ದರು. ಕೈಯಲ್ಲಿರೋ ಕತ್ತಿಗೆ ಎರಡೂ ಕಡೆ ಸಣ್ಣ ಸಣ್ಣ ಗೆರೆ, ತೆಂಗಿನ ಗರಿಯ ಹಾಗೆ. ಕತ್ತಿ ಅಲ್ಲ, ತಾಳೆ ಜಾತಿಯ ಗರಿ, ಧರ್ಮಕ್ಕೋಸ್ಕರ ಜೀವ ಕೊಟ್ಟ ಸಂತರ ಕೈಯಲ್ಲೆಲ್ಲ ಅದನ್ನ ಕೊಡ್ತಾರಂತೆ. ಅಕ್ಷರ ಈಗ ತಾನಾಗಿ ಕೂತಿತು: ಎಸ್ ಅಂದ್ರೆ ಸಾಂತಾ, ಎಲ್ ವಿ ಸಿ ಮುಂದೆ ಎರಡು ಅಕ್ಷರದ ಜಾಗ, ಕೊನೇದು ಎ ಇರಬಹುದಾದ ಒಂದು ತ್ರಿಕೋನದ ತುದಿ. ಲೂಸಿಯಾ. ಬಲಗಡೆ ಮಸುಕಾಗಿ ವಿ, ಎಂ. ಕನ್ಯೆ, ಹುತಾತ್ಮೆ ಅನ್ನೋದರ ಲ್ಯಾಟಿನ್ ಮೊದಲಕ್ಷರಗಳು.

ಕಣ್ಣು ಹಿಡಿದ ಇನ್ನೊಬ್ಬ ಸಂತೆ ಇದಾಳೆ, ಫ್ರಾನ್ಸಿನ ಅಲ್ಸಾಸ್ ಕಡೆ ಒಡೀಲ್ ಅಂತ, ಆದ್ರೆ ಅವಳ ಕಣ್ಣುಗಳು ಪುಸ್ತಕದ ಮೇಲಿರತ್ತೆ, ಮತ್ತೆ ಹೆಸರು ಎಲ್ಲಿಂದ ಶುರು ಮಾಡಿದ್ರೂ ಎಲ್ ವಿ ಆಗಲ್ಲ. ಟೀಚರಿಗೆ ಕಳಿಸಿದೆ. “ಹಾಂ, ಈಗ ಪಾಸ್” ಅಂತ ಬಂತು.

ಲೂಸಿಯಾ ಸಿಸಿಲಿಯ ಸಿರಾಕೂಸಾ ಊರಿನವಳು. ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ, 304ರಲ್ಲಿ ಕೊಂದರು ಅಂತ ಹೇಳ್ತಾರೆ. ಹೆಸರಲ್ಲೇ ಬೆಳಕಿದೆ, ಲ್ಯಾಟಿನ್ನಲ್ಲಿ ಲುಕ್ಸ್ ಅಂದ್ರೆ ಬೆಳಕು, ಅದಕ್ಕೇ ಕಣ್ಣಿನ ಬೇನೆ ಇರೋರು ಅವಳಿಗೆ ಹರಕೆ ಹೊರೋದು. ನಮ್ಮ ಕಡೆ ದೇವಿ ಗುಡೀಲಿ ಬೆಳ್ಳಿ ಕಣ್ಣು ಒಪ್ಪಿಸ್ತೀವಲ್ಲ, ಅಲ್ಲೂ ಬೆಳ್ಳಿ ಕಣ್ಣು ತಂದು ಕೊಡ್ತಾರೆ, ಏನೂ ವ್ಯತ್ಯಾಸ ಇಲ್ಲ. ಡಿಸೆಂಬರ್ 13ಕ್ಕೆ ಅವಳ ಹಬ್ಬ, ಬೆಳ್ಳಿ ಮೂರ್ತಿ ಹೊತ್ತು ಮೆರವಣಿಗೆ. ಮೂರ್ತಿ ಇರೋ ಚರ್ಚು ಮೊದ್ಲು ಗ್ರೀಕರ ಅಥೀನಾ ದೇವಿಯ ಗುಡಿಯಾಗಿತ್ತಂತೆ, ಅದ್ರ ಕಂಬಗಳು ಇವತ್ತಿಗೂ ಗೋಡೇಲಿ ಹಾಗೇ ನಿಂತಿವೆ. ನನಗೆ ಭಾಳ ಹಿಡಿಸಿದ್ದು 1646ರ ಬರಗಾಲದ ಕತೆ: ಜನ ಹಸಿವಿನಿಂದ ಸಾಯ್ತಿರೋವಾಗ ಲೂಸಿಯಾಗೆ ಮೊರೆ ಹೋದ್ರು, ಗೋಧಿ ತುಂಬಿದ ಹಡಗು ಬಂದರಿಗೆ ಬಂತು, ಬೀಸೋವಷ್ಟು ತಾಳ್ಮೆ ಇಲ್ದೆ ಇಡೀ ಗೋಧೀನೇ ಬೇಯಿಸಿ ತಿಂದ್ರು. ಅದಕ್ಕೇ ಈಗ್ಲೂ ಆ ಹಬ್ಬಕ್ಕೆ ಇಡಿ ಗೋಧಿ ಬೇಯಿಸಿ ಸಿಹಿ ಮಾಡ್ತಾರೆ, ಕುಚ್ಚಿಯಾ ಅಂತಾರೆ. ಗೋಧಿ ಹುಗ್ಗಿ ಅಂದ್ಕೊಳ್ಳಿ.

ಎಲ್ಲಾ ಸರಿ, ಸಿಸಿಲಿಯ ಸಂತೆ ಕುಮಟಾದ ಹರಿಕಂತ್ರನ ಟ್ರಂಕಿಗೆ ಹ್ಯಾಗ್ ಬಂದಳು?

ಸರ್ವಿಸ್ ಪುಸ್ತಕ ಅಷ್ಟೊತ್ತಿಗೆ ಒಣಗಿತ್ತು, ಹಾಳೆ ಅಂಟ್ಕೊಂಡಿದ್ದನ್ನ ಬಿಡಿಸ್ತಾ ಹಡಗುಗಳ ಪಟ್ಟಿ ಇರೋ ಪುಟಕ್ಕೆ ಬಂದೆ. ಜಮುನಾ ಅಂತ ಇತ್ತು. ನಮ್ಮನೆಯವರಿಗೆಲ್ಲ ಇದು ಗೊತ್ತಿರೋ ಹೆಸರೇ, ಅಜ್ಜ ಡೆಲ್ಲೀಲಿ ಯಮುನಾ ನದೀಲಿ ಕೆಲವು ದಿನ ದೋಣಿ ನಡೆಸಿದ್ದ ಅಂತ ನಮ್ಮಪ್ಪ ಹೇಳ್ತಿದ್ರು. ನೋಡಿದ್ರೆ ಜಮುನಾ ಅನ್ನೋದು ರಾಯಲ್ ಇಂಡಿಯನ್ ನೇವಿಯ ಯುದ್ಧನೌಕೆ, 1941ರಲ್ಲಿ ಸೇವೆಗೆ ಸೇರಿದ್ದು, ಸ್ಲೂಪ್ ಅಂತಾರೆ, ಬೇರೆ ಹಡಗುಗಳಿಗೆ ಬೆಂಗಾವಲು ಹೋಗೋದು, ಮೇಲೆ ಬರೋ ವಿಮಾನ ಹೊಡಿಯೋದು ಅದ್ರ ಕೆಲಸ. 1943ರ ಜುಲೈ 10ಕ್ಕೆ ಬ್ರಿಟಿಷ್, ಅಮೆರಿಕನ್ ಸೈನ್ಯ ಸಿಸಿಲಿ ಮೇಲೆ ಇಳೀತಲ್ಲ, ಆ ದೊಡ್ಡ ನೌಕಾದಂಡಲ್ಲಿ ಭಾರತದ್ದು ಎರಡು ಹಡಗಿದ್ದವು, ಸಟ್ಲೆಜ್ ಮತ್ತು ಜಮುನಾ. ಸಿರಾಕೂಸಾ ಬಿದ್ದಿದ್ದು ಅದೇ ಮೊದಲ ದಿನ. ಟ್ರಂಕಲ್ಲಿ ಇಟಲಿ ಸ್ಟಾರ್ ಯಾಕಿತ್ತು ಅಂತ ಆಗ ಗೊತ್ತಾಯ್ತು. ಸ್ಟಾರಿನ ಹಿಂದೆ ಮಡಚಿ ಹೊಲಿದಿದ್ದ ರಿಬ್ಬನ್ ಬಿಚ್ಚಿದ್ರೆ ಒಳಗಡೆ ಬಣ್ಣ ಹಾಗೇ ಇತ್ತು, ಕೆಂಪು ಬಿಳಿ ಹಸಿರು ಬಿಳಿ ಕೆಂಪು, ಇಟಲಿ ಬಾವುಟದ್ದೇ ಬಣ್ಣ. ಹೊರಗಡೆ ಎಲ್ಲಾ ಹುಣಸೆಹಣ್ಣಿನ ಕಂದು.

ಇಷ್ಟಕ್ಕೇ ಅಜ್ಜ ಸಿರಾಕೂಸಾದ ಬೀದೀಲಿ ಇಳಿದು ಕೊಂಡ ಅಂತ ಬರೆದುಬಿಟ್ರೆ ನಾನೂ ದೊಡ್ಡಪ್ಪ ಆಗಿಬಿಡ್ತೀನಿ. ನೇವಿಯ ಹಡಗುಗಳಲ್ಲಿ ಅಡುಗೆಗೆ, ಆಫೀಸರುಗಳಿಗೆ ಬಡಿಸೋಕೆ ಗೋವಾದ ಕ್ರಿಶ್ಚಿಯನ್ನರು ಬೇಕಾದಷ್ಟು ಜನ ಇರ್ತಿದ್ರು, ಅಜ್ಜನಿಗೆ ಕೊಂಕಣಿ ಚೆನ್ನಾಗಿ ಬರ್ತಿತ್ತು, ಅಂಥ ಯಾರಾದ್ರೂ ದೋಸ್ತಿಯಲ್ಲಿ ಕೊಟ್ಟಿರಬಹುದು. ಪದಕ ಏನು ಅಂತ ಪದಕವೇ ಹೇಳಿತು, ಕೈಯಿಂದ ಕೈಗೆ ಹ್ಯಾಗೆ ಬಂತು ಅಂತ ಅದು ಹೇಳಲ್ಲ.

ಕೊನೆಗೆ ಅತ್ತೆಗೆ ಫೋನ್ ಮಾಡಿದೆ. ನಿಜವಾಗಿ ಮೊದ್ಲೇ ಮಾಡಬೇಕಿತ್ತು. ಅಜ್ಜನ ಕೊನೇ ನಾಲ್ಕು ವರ್ಷ ನೋಡ್ಕೊಂಡಿದ್ದು ಅತ್ತೆ, ಅಜ್ಜ 1988ರಲ್ಲಿ ತೀರಿಕೊಂಡಿದ್ದು ಅವಳ ಮನೇಲೇ. ಗಂಟಲ್ಲಿರೋ ಆ ಸಣ್ಣ ಮೆಡಲ್ ಅಂತ ನಾನು ಶುರು ಮಾಡೋದ್ರೊಳಗೆ ಅತ್ತೆ, “ಯಾವುದು, ಕಣ್ಣಮ್ಮನಾ?” ಅಂದ್ಲು.

“ಕಣ್ಣಮ್ಮನಾ?”

“ಅಪ್ಪ ಹಾಗೇ ಕರೀತಿದ್ದ. ಕಣ್ಣಿಗೆ ಪೊರೆ ಬಂತಲ್ಲ, ಆಗ ಅದನ್ನ ಗಂಟಿಂದ ತೆಗೆಸಿ ತಲೆದಿಂಬಿನ ಕೆಳಗೆ ಇಟ್ಕೊಳ್ತಿದ್ದ. ಮಲಗೋ ಮುಂಚೆ ಈ ಕಣ್ಣಿಗೊಂದ್ಸಲ ಆ ಕಣ್ಣಿಗೊಂದ್ಸಲ ಒತ್ಕೊಳ್ಳೋದು. ಕೊರಳಿಗೆ ಹಾಕೋ ಅಂದ್ರೆ, ಬೇಡ, ಅದು ಅವರ ಜಾತಿಯವರು ಹಾಕೋದು, ನಾನು ಇಟ್ಕೊಂಡಿದ್ರೆ ಸಾಕು ಅಂತಿದ್ದ.”

“ಮತ್ತೆ ಜರ್ಮನ್ ವಿಮಾನ? ಕ್ಯಾಪ್ಟನ್?”

“ಅದೆಲ್ಲ ಅಣ್ಣ ಕಟ್ಟಿದ್ದು. ಸಣ್ಣವನಿದ್ದಾಗ ಶಾಲೇಲಿ ಹುಡುಗರು ನಿನ್ನಪ್ಪ ನೇವಿಯಲ್ಲಿ ಪಾತ್ರೆ ತೊಳೀತಿದ್ದ ಅಂತ ಆಡ್ಕೊಂಡ್ರು, ಅಲ್ಲಿ ಹೇಳಿ ಬಂದ. ಅಪ್ಪನಿಗೂ ಗೊತ್ತಿತ್ತು. ಸುಮ್ನಿದ್ದ.”

ಅಂದ್ರೆ ಅಜ್ಜನಿಗೆ ಎಲ್ಲಾ ಗೊತ್ತಿತ್ತು. ಅದು ಯಾರು, ಯಾತಕ್ಕೆ, ಯಾರು ಹಾಕೋಬೇಕು, ಎಲ್ಲಾ. ನಾನು ಮೂರು ವಾರ ಟಾರ್ಚು, ಪೌಡರು, ಲ್ಯಾಟಿನ್ನು ಅಂತ ಒದ್ದಾಡಿ ಕಂಡುಹಿಡಿದಿದ್ದನ್ನ ಅವನು ಒಂದು ಮಾತಲ್ಲಿ ಕರೆದು ಇಟ್ಕೊಂಡಿದ್ದ.

ಫ್ರೇಮ್ ಹಾಕಿಸ್ದೆ, ಮೂರು ಸ್ಟಾರು, ಒಂದು ವಾರ್ ಮೆಡಲ್ಲು, ನಾಲ್ಕೇ. ದೊಡ್ಡಪ್ಪ ಬಿಚ್ಚಿ ನೋಡಿ ಒಂದು ನಿಮಿಷ ಎಣಿಸ್ತಾ ಕೂತರು. ಐದನೇದು ಎಲ್ಲಿ ಅಂತ ಕೇಳ್ತಾರೆ, ಆಗ ಹೇಳೋಣ ಅಂತ ಎಲ್ಲಾ ಮಾತು ರೆಡಿ ಮಾಡ್ಕೊಂಡು ಹೋಗಿದ್ದೆ. ಕೇಳ್ಲಿಲ್ಲ. “ಇಟಲಿ ಅಂತ ಬರೆದಿದಾರಲ್ಲೋ, ಅಪ್ಪ ಇಟಲಿಗೂ ಹೋಗಿದ್ನಾ?” ಅಂದ್ರು. ಹೂಂ ದೊಡ್ಡಪ್ಪ, ಜಮುನಾ ಹಡಗಲ್ಲಿ ಅಂದೆ. ಅವತ್ತು ಸಂಜೆಯೊಳಗೆ ಪಕ್ಕದ್ಮನೆಯವರಿಗೆ ಅಜ್ಜ ಒಬ್ಬನೇ ಸಿಸಿಲಿ ಗೆದ್ದ ಕತೆ ಶುರುವಾಗಿತ್ತು.

ಕಣ್ಣಮ್ಮ ನನ್ನ ಹತ್ರ ಒಂದು ಸಣ್ಣ ಡಬ್ಬೀಲಿ ಹತ್ತಿ ಮೇಲೆ ಇದ್ದಳು, ಹುಣಸೆಹಣ್ಣು ಬಂದ್. ಹೋದ ವಾರ ಅತ್ತೆ ಫೋನ್ ಮಾಡಿದ್ಲು, ಅವಳಿಗೂ ಪೊರೆ ಬಂದಿದೆ, ಬಲಗಣ್ಣಿಗೆ ಆಪರೇಷನ್ನು ಮಂಗಳವಾರ, ಕಳಿಸಿಕೊಡು ಅಂದ್ಲು. ಕೊರಿಯರ್ ಬೇಡ ಅನ್ನಿಸಿ ನಾನೇ ಭಾನುವಾರದ ಬಸ್ಸಿಗೆ ಹೋಗಿ ಕೊಟ್ಟೆ. ಆಧಾರ್ ಕಾರ್ಡು, ಶುಗರ್ ರಿಪೋರ್ಟು ಇಟ್ಟಿದ್ದ ಪರ್ಸಲ್ಲಿ ಹಾಕ್ಕೊಂಡು ಜಿಪ್ ಎಳೆದ್ಲು, ಆಮೇಲೆ ಏನನ್ನಿಸಿತೋ ಮತ್ತೆ ಜಿಪ್ ತೆಗೆದು ಅದೊಂದನ್ನ ಮಾತ್ರ ಸೆರಗಿನ ತುದೀಲಿ ಕಟ್ಕೊಂಡ್ಲು.